ದೋಣಿಯ ಬ್ಯಾಟರಿ: ದುಡಿದರೆ ಬಾಳು, ಕೂತರೆ ಹಾಳು

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಮಲ್ಪೆ, ಮಂಗಳೂರು ಬಂದರುಗಳಲ್ಲಿ ಬೋಟುಗಳು ಸಾಲುಗಟ್ಟಿ ನಿಲ್ಲುತ್ತವೆ. ಈ 61 ದಿನಗಳಲ್ಲಿ ಬಲೆ ರಿಪೇರಿಯಾಗುತ್ತದೆ, ಬೋಟಿಗೆ ಬಣ್ಣ ಬಳಿಯುತ್ತಾರೆ. ಮೂಲೆಯಲ್ಲಿರುವ ಬ್ಯಾಟರಿಯನ್ನು ಮರೆತರೆ ಮಾತ್ರ ಆಗಸ್ಟಿನಲ್ಲಿ ಎಂಜಿನ್ ಮಿಸುಕದು. ನಡುಗಡಲಿನಲ್ಲಿ ಅದು ಕೈಕೊಟ್ಟರೆ ದೀಪವೂ ಇಲ್ಲ, ವೈರ್‌ಲೆಸ್ಸೂ ಇಲ್ಲ. ಸುಮ್ಮನೆ ಇಟ್ಟ ಮಾತ್ರಕ್ಕೆ ಬ್ಯಾಟರಿ ಸಾಯುವುದೇಕೆ?

ವಿದ್ಯುತ್ತಿನಿಂದ ದೋಣಿ ನಡೆಸುವ ಯತ್ನ ಹಳೆಯದು. 1838ರಲ್ಲಿ ಜಾಕೋಬಿ ಎಂಬ ವಿಜ್ಞಾನಿ ರಷ್ಯಾದ ನೇವಾ ನದಿಯಲ್ಲಿ ಅಂಥ ದೋಣಿ ಓಡಿಸಿದ್ದ. ಆದರೆ ಆ ಕೋಶಗಳಲ್ಲಿ ಸತು ಕರಗಿದರೆ ಅಲ್ಲಿಗೆ ಮುಗಿಯಿತು. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎರಡು ಸೀಸದ ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ. ಖಾಲಿಯಾದದ್ದನ್ನು ಮತ್ತೆ ತುಂಬಬಹುದಾದ ಮೊದಲ ಬ್ಯಾಟರಿ ಅದು. ಪದೇ ಪದೇ ತುಂಬಿಸಿ ಖಾಲಿ ಮಾಡಿದಷ್ಟೂ ಅದರ ಶಕ್ತಿ ಹೆಚ್ಚುತ್ತಿತ್ತು. 1881ರಲ್ಲಿ ಅದೇ ದೇಶದ ಕಮೀಲ್ ಫೋರ್ ಸೀಸದ ಫಲಕಕ್ಕೆ ಸೀಸದ ಆಕ್ಸೈಡಿನ ಲೇಪ ಹಚ್ಚಿ, ಆ ದೀರ್ಘ ಕಾಯುವಿಕೆಯನ್ನು ತಪ್ಪಿಸಿದ.

ಮರುವರ್ಷವೇ ಈ ಬ್ಯಾಟರಿ ಹೊತ್ತ ದೋಣಿ ಲಂಡನ್ನಿನ ಥೇಮ್ಸ್ ನದಿಗಿಳಿಯಿತು. 1886ರ ಸೆಪ್ಟೆಂಬರಿನಲ್ಲಿ 37 ಅಡಿ ಉದ್ದದ ‘ವೋಲ್ಟಾ’ ಡೋವರಿನಿಂದ ಕ್ಯಾಲೆಗೆ ಹೋಗಿ ಅದೇ ದಿನ ಮರಳಿತು. 1893ರ ಶಿಕಾಗೋ ವಿಶ್ವಮೇಳದಲ್ಲಿ ಐವತ್ತಕ್ಕೂ ಹೆಚ್ಚು ವಿದ್ಯುತ್ ದೋಣಿಗಳು ಜನರನ್ನು ಸುತ್ತಾಡಿಸಿದವು. ಬಳಿಕ ಜಲಾಂತರ್ಗಾಮಿಗಳೂ ಇದನ್ನೇ ನೆಚ್ಚಿದವು. ಅಲ್ಲಿ ಸಮುದ್ರದ ಉಪ್ಪುನೀರು ಬ್ಯಾಟರಿಗೆ ನುಗ್ಗಿದರೆ ವಿಷಕಾರಿ ಕ್ಲೋರಿನ್ ಏಳುತ್ತಿದ್ದುದರಿಂದ, ಬ್ಯಾಟರಿಯ ಆರೈಕೆ ನಾವಿಕರ ಪ್ರಾಣದ ಪ್ರಶ್ನೆಯಾಯಿತು.

ಬ್ಯಾಟರಿ ಖಾಲಿಯಾಗುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ, ಆಮ್ಲ ತೆಳುವಾಗುತ್ತದೆ. ಹೊಸದಾಗಿ ಕೂತದ್ದು ನುಣುಪು ಪುಡಿ. ಕೂಡಲೇ ಚಾರ್ಜ್ ಮಾಡಿದರೆ ಕರಗುತ್ತದೆ. ವಾರಗಟ್ಟಲೆ ಬಿಟ್ಟರೆ ಅದೇ ಪುಡಿ ದಪ್ಪ ಹರಳುಗಟ್ಟಿ, ವಿದ್ಯುತ್ ಹರಿಯಲು ಬಿಡದು. ಬಳಸದಿದ್ದರೂ ಬ್ಯಾಟರಿ ತಾನಾಗಿ ಇಳಿಯುತ್ತದೆ. ಸೆಕೆಯಲ್ಲಿ ಇನ್ನೂ ಬೇಗ. ಮುಚ್ಚಳದ ಮೇಲಿನ ಉಪ್ಪುತೇವವೂ ಸೋರಿಕೆಗೆ ದಾರಿ.

ಹೀಗೆ ಕೆಟ್ಟದ್ದನ್ನು ಕೆಲವೊಮ್ಮೆ ಬದುಕಿಸಬಹುದು. ಮೊದಲು ಫಲಕ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಬೇಕು. ಆರಿಹೋಗುವುದು ನೀರೇ ಹೊರತು ಆಮ್ಲವಲ್ಲ, ಆದ್ದರಿಂದ ಆಮ್ಲ ಸುರಿಯಬಾರದು. ಬಳಿಕ ಸಣ್ಣ ಪ್ರಮಾಣದ ವಿದ್ಯುತ್ತನ್ನು ಒಂದೆರಡು ದಿನ ಹರಿಸಬೇಕು. ಆಗ ಏಳುವ ಜಲಜನಕ ಸಿಡಿಯಬಲ್ಲದು. ಗಾಳಿಯಾಡಬೇಕು, ಬೀಡಿ ಹತ್ತಿರ ಸುಳಿಯಬಾರದು. ಹೈಡ್ರೋಮೀಟರ್ 1.25 ದಾಟಿದರೆ ಬ್ಯಾಟರಿ ಚೇತರಿಸಿದೆ ಎನ್ನಬಹುದು. ಆರು ಕೋಶಗಳಲ್ಲಿ ಒಂದೇ ಒಂದು ಹಿಂದುಳಿದರೂ ಅದನ್ನು ನಂಬಿ ಕಡಲಿಗಿಳಿಯಬಾರದು. ಫಲಕದ ಲೇಪವೇ ಉದುರಿ ತಳ ಸೇರಿದ್ದರೆ ಚಿಕಿತ್ಸೆಯಿಲ್ಲ.

ಇಷ್ಟೆಲ್ಲ ಪಾಡಿನ ಬದಲು ಸುಲಭದ ದಾರಿಯಿದೆ. ದಡ ಸೇರಿದ ದಿನವೇ ಪೂರ್ತಿ ಚಾರ್ಜ್ ಮಾಡಿ, ಮೇಲ್ಭಾಗ ಒರೆಸಿ, ತಂತಿ ಕಳಚಿಡಬೇಕು; ತಿಂಗಳಿಗೊಮ್ಮೆ ಮತ್ತೆ ಚಾರ್ಜ್ ಮಾಡಬೇಕು. ಮನೆಯ ಇನ್ವರ್ಟರಿನಲ್ಲಿ ನೀರು ತುಂಬುವ ಸೀಸದ ಬ್ಯಾಟರಿ ಇದ್ದರೆ ಅದಕ್ಕೂ ಇದೇ ಪಥ್ಯ.