ಕಟ್ಟಿನಿಂದ ಹೊರಬಿದ್ದ ಎಲೆಗಳು

ಇಸ್ಪೀಟಿನ ಒಂದು ಕಟ್ಟಿನಲ್ಲಿ 52 ಎಲೆಗಳಿರುತ್ತವೆ ಎಂಬುದು ಎಲ್ಲರಿಗೂ ತಿಳಿದ ವಿಷಯ. ಆದರೆ ಕಾಸರಗೋಡು, ಮಂಗಳೂರು ಕಡೆ ಬಹಳ ಪ್ರಚಾರದಲ್ಲಿರುವ, ಘಟ್ಟ ಹತ್ತಿ ನಮ್ಮ ಮಲೆನಾಡಿನ ಮದುವೆಮನೆಗಳಿಗೂ ಬಂದಿರುವ ‘ಇಪ್ಪತ್ತೆಂಟು’ ಎಂಬ ಆಟವನ್ನು ಗಮನಿಸಿ. ಜಮಖಾನೆಯ ಮೇಲೆ ನಾಲ್ವರು ಕುಳಿತ ಕೂಡಲೇ ಮಾಡುವ ಮೊದಲ ಕೆಲಸ ಎಲೆ ಕಲೆಸುವುದಲ್ಲ; ಎರಡರಿಂದ ಆರರವರೆಗಿನ ಎಲೆಗಳನ್ನೆಲ್ಲ ಹೆಕ್ಕಿ ಬದಿಗಿಡುವುದು. 20 ಎಲೆಗಳು ಹೊರಗೆ, 32 ಒಳಗೆ. ಆಟ ಶುರುವಾಗುವುದು ಆಮೇಲೆ.

ಬೇಡದ ಎಲೆಗಳನ್ನು ತೆಗೆದುಹಾಕುವ ಈ ಕ್ರಮ ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಇಸ್ಪೀಟಾಟದ ಇತಿಹಾಸವನ್ನು ಹಿಂತಿರುಗಿ ನೋಡಿದರೆ ಎಲೆ ಸೇರಿಸಿದವರಿಗಿಂತ ಎಲೆ ತೆಗೆದವರೇ ಹೆಚ್ಚು ಬಾಳಿಕೆಯ ಆಟಗಳನ್ನು ಕೊಟ್ಟಿದ್ದಾರೆ ಎನ್ನಿಸುತ್ತದೆ. ಇದಕ್ಕೆ ಕಾರಣ ಸಂಭವನೀಯತೆಯ ಗಣಿತದಲ್ಲಿದೆ. ಆಟವೊಂದು ಜೂಜೋ ಜಾಣ್ಮೆಯೋ ಎಂದು ನ್ಯಾಯಾಲಯಗಳು ಚರ್ಚಿಸಿದಾಗಲೂ ‘ಎಲೆ ಬಿಡುವ’ ಈ ವಿಷಯವೇ ಮುಂದೆ ಬಂದಿದೆ.

ಸೇರಿಸಿದ ಅರಸರು

ನಮ್ಮ ದೇಶದ ಹಳೆಯ ಎಲೆಯಾಟ ಗಂಜೀಫಾ. ಕೈಯಲ್ಲಿ ಬರೆದ ದುಂಡನೆಯ ಎಲೆಗಳು ಇದರ ವಿಶೇಷ. ಮೊಗಲ್ ದೊರೆ ಬಾಬರ್ 1527ರಲ್ಲಿ ಗಂಜೀಫಾ ಎಲೆಗಳನ್ನು ಸಿಂಧ್‌ಗೆ ಕಳಿಸಿದ್ದು ಅವನ ಆತ್ಮಕಥೆಯಲ್ಲೇ ದಾಖಲಾಗಿದೆ. ಅಕ್ಬರನ ಕಾಲದ ‘ಐನೆ ಅಕ್ಬರಿ’ಯಲ್ಲಿ ಅಬುಲ್ ಫಜಲ್ ವರ್ಣಿಸುವ ಕಟ್ಟಿನಲ್ಲಿ 12 ಬಣ್ಣಗಳು, ಪ್ರತಿ ಬಣ್ಣಕ್ಕೆ 12 ಎಲೆಗಳು, ಒಟ್ಟು 144. ಜನರ ಬಳಕೆಯಲ್ಲಿ ಉಳಿದ ಮೊಗಲ್ ಗಂಜೀಫಾದಲ್ಲಿ ಎಂಟೇ ಬಣ್ಣ, 96 ಎಲೆ. ಹತ್ತು ಅವತಾರಗಳ ದಶಾವತಾರ ಗಂಜೀಫಾದಲ್ಲಿ 120.

ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೊರಟವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. ಇಲ್ಲಿ ನಮ್ಮ ಜಿಲ್ಲೆಗೂ ಒಂದು ಪಾತ್ರವಿದೆ. 1830–31ರ ನಗರ ದಂಗೆ, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರದ ಹೆಸರಿನಿಂದ ಕರೆಯಲಾಗುವ ರೈತ ದಂಗೆಯನ್ನು ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಆಡಳಿತವನ್ನು ಅರಸರ ಕೈಯಿಂದ ತೆಗೆದುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೂ ಮುಮ್ಮಡಿಯವರು ಸಾಹಿತ್ಯ, ಚಿತ್ರಕಲೆ, ಆಟಗಳಲ್ಲಿ ಮನಸ್ಸಿಟ್ಟರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ನಿಲ್ಲಿಸಿ ಅರೆ-ಮಾಯಾಚೌಕ ಬರುವಂತೆ ನಡೆಸಿದ ಅವರ ಬಿಡಿಸುವಿಕೆ ಗಣಿತಜ್ಞರಿಗೂ ಪರಿಚಿತ. ಎಲೆಯಾಟದಲ್ಲೂ ಅವರು ‘ಛದ್’ ಎಂಬ ಹೊಸ ಆಟಗಳನ್ನು ರೂಪಿಸಿದರು. ಇವುಗಳಲ್ಲಿ 18ರವರೆಗೆ ಬಣ್ಣಗಳು, 360ರವರೆಗೆ ಎಲೆಗಳು! ಕಲೆಯಾಗಿ ಇವು ಅದ್ಭುತ. ಆಟವಾಗಿ ಅರಮನೆಯ ಹೊರಗೆ ಬೇರು ಬಿಟ್ಟಂತೆ ಕಾಣುವುದಿಲ್ಲ. 360 ಎಲೆಗಳನ್ನು ಹಂಚಿ, ಬಿದ್ದ ಎಲೆಗಳನ್ನು ನೆನಪಿಟ್ಟುಕೊಳ್ಳಲು ಅರಸರಿಗಷ್ಟೇ ಪುರುಸೊತ್ತು ಇದ್ದೀತು.

ತೆಗೆದ ಜನ

ಯುರೋಪಿನಲ್ಲಿ ಕಟ್ಟನ್ನು ಸಣ್ಣದು ಮಾಡುವುದು ಹಳೆಯ ರೂಢಿ. ಫ್ರಾನ್ಸಿನ ‘ಪಿಕೆ’ಗೆ 32 ಎಲೆ, ಸ್ಪೇನಿನ ‘ಓಂಬ್ರೆ’ಗೆ 40. ಡಚ್ಚರ ‘ಕ್ಲಾವರ್‌ಯಾಸ್’ ಆಟಕ್ಕೂ 32 ಎಲೆ. ಅದರಲ್ಲಿ ತುರುಪಿನ ಗುಲಾಮನೇ ಎಲ್ಲಕ್ಕಿಂತ ದೊಡ್ಡವನು, ನಂತರ ಒಂಬತ್ತು. ನಮ್ಮ ಇಪ್ಪತ್ತೆಂಟರಲ್ಲಿ ಎಲ್ಲ ಬಣ್ಣಗಳಲ್ಲೂ ಇದೇ ಕ್ರಮ. ರಾಜ, ರಾಣಿಯರನ್ನು ಕೆಳಗೆ ಕೂರಿಸಿ ಗುಲಾಮನಿಗೆ ಪಟ್ಟ ಕಟ್ಟುವ ಈ ವಿಚಿತ್ರ ಕ್ರಮದಿಂದಾಗಿ ಎರಡೂ ಒಂದೇ ಕುಟುಂಬದ ಆಟಗಳೆಂದು ವಿದ್ವಾಂಸರು ಭಾವಿಸುತ್ತಾರೆ. ನಾವು ಕಳಾವರ್ ಎನ್ನುವ ಬಣ್ಣದ ಹೆಸರು ಡಚ್ಚಿನ ‘ಕ್ಲಾವರ್’ ಪದವನ್ನು ಹೋಲುವುದೂ ಗಮನಾರ್ಹ.

ಇಪ್ಪತ್ತೆಂಟರ ಲೆಕ್ಕ ಹೀಗಿದೆ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕಕ್ಕೆ 1, ಹತ್ತಕ್ಕೆ 1. ಒಂದು ಬಣ್ಣಕ್ಕೆ 7. ನಾಲ್ಕು ಬಣ್ಣಕ್ಕೆ 28. ಆಟದ ಹೆಸರು ಬಂದದ್ದು ಇದರಿಂದ. ಅಂಕವಿರುವ ಎಲೆಗಳು 16. ಇಡೀ ಕಟ್ಟಿನಲ್ಲಿ ಆಡಿದರೆ ಒಬ್ಬೊಬ್ಬರಿಗೆ 13 ಎಲೆ. ಅದರಲ್ಲಿ ಅಂಕದ ಎಲೆ ಸರಾಸರಿ ನಾಲ್ಕು, ಉಳಿದ ಒಂಬತ್ತು ಬರಡು. 20 ಎಲೆ ತೆಗೆದರೆ ಕೈಗೆ ಎಂಟು ಎಲೆ. ಅಂಕದವು ಆಗಲೂ ನಾಲ್ಕೇ, ಬರಡು ಎಲೆಗಳೂ ನಾಲ್ಕೇ. ಅಂದರೆ ಯಾರ ಪಾಲೂ ಕಡಿಮೆಯಾಗಲಿಲ್ಲ, ಕಾಯುವುದು ಮಾತ್ರ ಕಡಿಮೆಯಾಯಿತು. ಎಲ್ಲರೂ ಕಣ್ಣುಮುಚ್ಚಿ ಎಲೆ ಹಾಕುತ್ತಾರೆಂದು ಇಟ್ಟುಕೊಂಡರೆ, ಒಂದು ಸುತ್ತಿನಲ್ಲಿ ಬೀಳುವ ನಾಲ್ಕು ಎಲೆಗಳಲ್ಲಿ ಒಂದಕ್ಕೂ ಅಂಕವಿಲ್ಲದಿರುವ ಸಂಭವ 52 ಎಲೆಗಳ ಕಟ್ಟಿನಲ್ಲಿ ಸುಮಾರು 22%. 32 ಎಲೆಗಳಲ್ಲಿ ಸುಮಾರು 5%. ಐದು ಸುತ್ತಿಗೊಂದು ವ್ಯರ್ಥವಾಗುತ್ತಿದ್ದುದು ಇಪ್ಪತ್ತಕ್ಕೊಂದಾಯಿತು.

ಹೊರಗಿಟ್ಟ ಎಲೆಗಳೂ ಹಾಳಾಗುವುದಿಲ್ಲ. ತುರುಪು ಯಾವುದೆಂದು ಗುಟ್ಟಾಗಿ ಇಡಲು ಎರಡರಿಂದ ಐದರವರೆಗಿನ ಎಲೆಗಳನ್ನೂ, ಗೆಲುವು–ಸೋಲಿನ ಲೆಕ್ಕ ತೋರಿಸಲು ಆರರ ಎಲೆಗಳನ್ನೂ ಬಳಸುವ ರೂಢಿ ಇದೆ. ಕಾಗದ, ಪೆನ್ಸಿಲು ಬೇಡ. ಈ ಮಿತವ್ಯಯ ನನಗೆ ಬಹಳ ಇಷ್ಟ.

ಐದನ್ನು ತೆಗೆದರೆ ಏನಾಗುತ್ತದೆ?

ಎಲೆ ತೆಗೆದಾಗ ಗೆಲುವಿನ ಸಂಭವ ಎಷ್ಟು ಬದಲಾಗುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ಲೋಕಕ್ಕೆ ತೋರಿಸಿದವರು ಅಮೆರಿಕದ ಎಡ್ವರ್ಡ್ ಥಾರ್ಪ್. ಭೌತವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು ಗಣಿತದಲ್ಲಿ ಡಾಕ್ಟರೇಟ್ ಮಾಡಿದ ಇವರು ಎಂಐಟಿಯಲ್ಲಿದ್ದಾಗ ಐಬಿಎಂ 704 ಯಂತ್ರದಲ್ಲಿ ‘ಬ್ಲ್ಯಾಕ್‌ಜಾಕ್’ ಆಟವನ್ನು ವಿಶ್ಲೇಷಿಸಿದರು. 1961ರಲ್ಲಿ ಪ್ರಬಂಧ, 1962ರಲ್ಲಿ ‘ಬೀಟ್ ದ ಡೀಲರ್’ ಪುಸ್ತಕ ಹೊರಬಂದವು. 21ನ್ನು ಮೀರದೆ ಅದಕ್ಕೆ ಹತ್ತಿರ ಹೋಗುವುದು ಆ ಆಟದ ಗುರಿ. ಎಲೆ ಹಂಚುವ ಕ್ಯಾಸಿನೊದವನು ತನ್ನ ಮೊತ್ತ 16 ಅಥವಾ ಕಡಿಮೆ ಇದ್ದರೆ ಇನ್ನೊಂದು ಎಲೆ ಎತ್ತಲೇಬೇಕು. ಅವನ ಕೈಯಲ್ಲಿ 12, 13, 14, 15, 16 ಯಾವುದೇ ಇರಲಿ, ಐದು ಬಂದರೆ 17ರಿಂದ 21ರೊಳಗೆ ಸುರಕ್ಷಿತವಾಗಿ ನಿಲ್ಲುತ್ತಾನೆ. ಆಟಗಾರ ತಿರಸ್ಕಾರದಿಂದ ನೋಡುವ ಸಾಮಾನ್ಯ ಐದು, ನಿಜಕ್ಕೂ ಎದುರಾಳಿಯ ಪ್ರಾಣರಕ್ಷಕ! ನಾಲ್ಕೂ ಐದುಗಳು ಕಟ್ಟಿನಿಂದ ಹೊರಹೋದ ಮೇಲೆ ಸರಿಯಾಗಿ ಆಡುವವನಿಗೆ 3%ಗಿಂತ ಸ್ವಲ್ಪ ಹೆಚ್ಚು ಲಾಭವೆಂದು ಥಾರ್ಪ್ ತೋರಿಸಿದರು. ಕ್ಯಾಸಿನೊಗಳು ಆರು, ಎಂಟು ಕಟ್ಟುಗಳನ್ನು ಒಟ್ಟಿಗೆ ಕಲೆಸಿ ಆಡಿಸತೊಡಗಿದವು. ದೊಡ್ಡ ರಾಶಿಯಿಂದ ನಾಲ್ಕು ಎಲೆ ಹೋದರೆ ಪರಿಣಾಮ ತೆಳುವಾಗುತ್ತದೆ.

ಆಟದೊಳಗೇ ಕಟ್ಟು ಕಟ್ಟುವುದು

ಇಲ್ಲಿಯವರೆಗೆ ಕಟ್ಟು ಎಲ್ಲರಿಗೂ ಒಂದೇ. 1993ರಲ್ಲಿ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್’ ಆಟದಲ್ಲಿ ಪ್ರತಿಯೊಬ್ಬನೂ ತನ್ನದೇ ಕಟ್ಟನ್ನು ಮನೆಯಿಂದ ತರುತ್ತಾನೆ. 2008ರಲ್ಲಿ ಡೊನಾಲ್ಡ್ ಎಕ್ಸ್. ವ್ಯಾಕರಿನೊ ಅವರ ‘ಡೊಮಿನಿಯನ್’ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು: ಕಟ್ಟು ಕಟ್ಟುವುದೇ ಆಟ. 2009ರಲ್ಲಿ ಅದಕ್ಕೆ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಬಂತು.

ಆರಂಭದಲ್ಲಿ ಪ್ರತಿಯೊಬ್ಬರಿಗೂ 10 ಎಲೆ: ತಲಾ ಒಂದು ನಾಣ್ಯ ಕೊಡುವ ಏಳು ‘ತಾಮ್ರ’, ನಾಣ್ಯವನ್ನೇ ಕೊಡದ ಮೂರು ‘ಜಮೀನು’. ಪ್ರತಿ ಸರದಿಗೆ ಐದು ಎಲೆ ಎತ್ತಿ, ಬಂದ ನಾಣ್ಯದಿಂದ ಹೊಸ ಎಲೆ ಕೊಂಡು ಕಟ್ಟಿಗೆ ಸೇರಿಸಬೇಕು. ಕಟ್ಟು ಮುಗಿದರೆ ಬಳಸಿದ್ದನ್ನೆಲ್ಲ ಕಲೆಸಿ ಮತ್ತೆ ಬಳಸಬೇಕು. ‘ಚಾಪೆಲ್’ ಎಂಬ ಎರಡು ನಾಣ್ಯದ ಅಗ್ಗದ ಎಲೆಯೊಂದಿದೆ. ಅದು ಕೈಯಲ್ಲಿರುವ ನಾಲ್ಕು ಎಲೆಗಳವರೆಗೆ ಶಾಶ್ವತವಾಗಿ ಕಸಕ್ಕೆ ಹಾಕಲು ಬಿಡುತ್ತದೆ, ಅಷ್ಟೆ. ಹೊಸಬರು ಇದನ್ನು ಮುಟ್ಟುವುದೇ ಇಲ್ಲ. ಕಾಸು ಕೊಟ್ಟು ಇದ್ದದ್ದನ್ನು ಬಿಸಾಡುವುದೇ?

ಭದ್ರಾವತಿಯವರಿಗೆ ಇದನ್ನು ವಿವರಿಸುವುದು ಸುಲಭ. 1923ರಲ್ಲಿ ಅಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗ ಕೆಮ್ಮಣ್ಣುಗುಂಡಿಯಿಂದ ಬರುತ್ತಿದ್ದ ಅದಿರಿನ ಜೊತೆಗೆ ಸುಣ್ಣಕಲ್ಲನ್ನೂ ಸುರಿಯುತ್ತಿದ್ದರು. ಸುಣ್ಣಕಲ್ಲಿನಲ್ಲಿ ಕಬ್ಬಿಣವಿಲ್ಲ. ಆದರೂ ದುಡ್ಡು ಕೊಟ್ಟು ತರುತ್ತಿದ್ದುದು ಏಕೆಂದರೆ ಅದು ಅದಿರಿನ ಮರಳಿನಂಶವನ್ನು ಹಿಡಿದು ಕಿಟ್ಟವಾಗಿ ಹೊರಗೊಯ್ಯುತ್ತದೆ. ಚಾಪೆಲ್ ನಮ್ಮ ಕಟ್ಟಿನ ಸುಣ್ಣಕಲ್ಲು.

ಲೆಕ್ಕ ಮಾಡಿ ನೋಡೋಣ (ಸರಳತೆಗಾಗಿ ಚಾಪೆಲ್ ಎಲೆಯನ್ನೇ ಲೆಕ್ಕದಿಂದ ಬಿಟ್ಟಿದ್ದೇನೆ). 10 ಎಲೆಗಳಲ್ಲಿ 7 ನಾಣ್ಯ. ಐದು ಎಲೆಯ ಕೈಗೆ ಸರಾಸರಿ 3.5. ಮೂರು ನಾಣ್ಯ ಕೊಡುವ ‘ಚಿನ್ನ’ದ ಬೆಲೆ 6. ಅದನ್ನು ಕೊಂಡರೆ 11 ಎಲೆಗಳಲ್ಲಿ 10 ನಾಣ್ಯ, ಕೈಗೆ 4.55. ಚಿನ್ನ ಕೊಳ್ಳದೆ ಮೂರು ಜಮೀನನ್ನು ತೆಗೆದರೆ? ಏಳು ಎಲೆ, ಏಳು ನಾಣ್ಯ, ಕೈಗೆ ಸರಿಯಾಗಿ 5. ತೆಗೆದದ್ದು ಚಿನ್ನಕ್ಕಿಂತ ಹೆಚ್ಚು ಕೊಟ್ಟಿತು! ಎರಡನ್ನೂ ಮಾಡಿದರೆ ಎಂಟು ಎಲೆ, ಹತ್ತು ನಾಣ್ಯ, ಕೈಗೆ 6.25.

ಈಗ ಸರಾಸರಿ ಒಂದಕ್ಕಿಂತ ಹೆಚ್ಚಾದ್ದರಿಂದ ತಾಮ್ರವೂ ಕಿಟ್ಟವೇ. ಒಂದು ತಾಮ್ರ ತೆಗೆದರೆ 6.43, ಎರಡು ತೆಗೆದರೆ 6.67, ಮೂರು ತೆಗೆದರೆ 7. ನಾಲ್ಕನೆಯದನ್ನೂ ತೆಗೆದರೆ? ಕಟ್ಟಿನಲ್ಲಿ ಉಳಿಯುವುದು ನಾಲ್ಕೇ ಎಲೆ, ಐದು ಎತ್ತಬೇಕೆಂದರೂ ಇಲ್ಲ, ಕೈಗೆ 6. ಒಂದೇ ಸಮನೆ ಏರುತ್ತಿದ್ದ ಬೆಲೆ ಥಟ್ಟನೆ ಕುಸಿಯಿತು. ಕಟ್ಟು ಕೈಯಷ್ಟೇ ಆದಾಗ ತೆಗೆಯುವುದನ್ನು ನಿಲ್ಲಿಸಬೇಕು. ಅಲ್ಲದೆ ಜಮೀನಿಗೆ ಕೊನೆಯಲ್ಲಿ ಒಂದೊಂದು ಅಂಕವಿದೆ; ಅದನ್ನು ಕಳೆದುಕೊಂಡದ್ದೂ ಖರ್ಚೇ.

ಭೌತವಿಜ್ಞಾನದ ವಿದ್ಯಾರ್ಥಿಗಳು ಇನ್ನೊಂದನ್ನು ಗಮನಿಸಬೇಕು. ಐದು ಎಲೆಗಳ ಕಟ್ಟಿನಿಂದ ಐದು ಎತ್ತಿದರೆ ಪ್ರತಿ ಸಲವೂ ಅದೇ ಕೈ. ಸರಾಸರಿ ಏರಿದ್ದಷ್ಟೇ ಅಲ್ಲ, ಏರಿಳಿತ ಸೊನ್ನೆಯಾಗಿದೆ. ಎಲೆ ತೆಗೆಯುತ್ತ ಹೋದಂತೆ ಅದೃಷ್ಟವನ್ನೇ ಆಟದಿಂದ ಹೊರಗೆ ಹಾಕಿದಂತಾಯಿತು.

ಶಿವಮೊಗ್ಗದ ಕಾಲೇಜು ಹುಡುಗರು ಈ ಬಗೆಯ ಆಟಗಳನ್ನು ಆಡುವುದು ಹೆಚ್ಚಾಗಿ ಕಂಪ್ಯೂಟರ್, ಮೊಬೈಲುಗಳಲ್ಲಿ. 2019ರಲ್ಲಿ ಪೂರ್ಣವಾಗಿ ಬಿಡುಗಡೆಯಾದ ‘ಸ್ಲೇ ದ ಸ್ಪೈರ್’ನಲ್ಲಿ ಅಂಗಡಿಯವನು ನಿಮ್ಮ ಎಲೆಯೊಂದನ್ನು ತೆಗೆದುಹಾಕಲು 75 ಚಿನ್ನದ ನಾಣ್ಯ ಕೇಳುತ್ತಾನೆ, ಮುಂದಿನ ಸಲ 100, ಆಮೇಲೆ 125. ‘ಸರ್, ಎಲೆ ಕೊಳ್ಳಲು ದುಡ್ಡು ಸರಿ, ಎಲೆ ಬಿಡಲು ದುಡ್ಡು ಯಾಕೆ?’ ಎಂದು ಭದ್ರಾವತಿಯಿಂದ ಬರುವ ವಿದ್ಯಾರ್ಥಿಯೊಬ್ಬ ಕೇಳಿದ. ಮೇಲಿನ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದ್ದು ಅವನಿಂದಲೇ.

ಜಾಣ್ಮೆಯೋ ಜೂಜೋ

ಈ ಆಟಗಳ ನಾಣ್ಯ ಕಾಲ್ಪನಿಕ. ನಿಜವಾದ ಹಣ ಪಣಕ್ಕಿಟ್ಟಾಗ ವಿಷಯ ಬೇರೆ. ಪತ್ರಿಕೆಗಳ ಜಿಲ್ಲಾ ಪುಟ ಓದುವವರಿಗೆ ‘ಅಂದರ್ ಬಾಹರ್’ ಎಂಬ ಹೆಸರು ಚಿರಪರಿಚಿತ. ಒಂದು ಎಲೆ ತೆರೆದಿಟ್ಟು, ಅದೇ ಅಂಕಿಯ ಇನ್ನೊಂದು ಎಲೆ ಬರುವವರೆಗೆ ಒಳಗೆ, ಹೊರಗೆ ಎಂದು ಎರಡು ಕಡೆ ಒಂದೊಂದೇ ಹಾಕುತ್ತ ಹೋಗುವುದು. ಯಾವ ಕಡೆ ಬೀಳುತ್ತದೆಂದು ಪಣ. ಆಡುವವನು ಎಲೆ ಹಿಡಿಯುವುದೂ ಇಲ್ಲ, ಬಿಡುವುದೂ ಇಲ್ಲ. ಉಳಿದ 51 ಎಲೆಗಳಲ್ಲಿ ಹೊಂದುವವು ಮೂರು. ಮೊದಲು ಎಲೆ ಬೀಳುವ ಕಡೆ ಗೆಲ್ಲುವ ಸಂಭವ 20825ರಲ್ಲಿ 10725, ಅಂದರೆ 51.5%. ಇಪ್ಪತ್ತೆಂಟರ 32 ಎಲೆಗಳಲ್ಲಿ ಇದನ್ನೇ ಆಡಿದರೆ ಅದು 4495ರಲ್ಲಿ 2360, ಅಂದರೆ 52.5% ಆಗುತ್ತದೆ. ಎಲೆ ಕಡಿಮೆಯಾದರೆ ಇಲ್ಲೂ ಸಂಭವ ಬದಲಾಗುತ್ತದೆ. ಆದರೆ ತೆಗೆಯುವುದು ಆಡುವವನ ಕೈಯಲ್ಲಿಲ್ಲ. ಎಲೆ ಕಾಣೆಯಾದ ಹಳೆಯ ಕಟ್ಟನ್ನು ತಂದವನಿಗೆ ಮಾತ್ರ ಅದು ಗೊತ್ತು.

ರಮ್ಮಿ ಹಾಗಲ್ಲ. 13 ಎಲೆ ಹಿಡಿದು ಪ್ರತಿ ಸರದಿಗೂ ಒಂದು ಎತ್ತಿ ಒಂದು ಬಿಡಬೇಕು. ಬಿಟ್ಟದ್ದು ಡೊಮಿನಿಯನ್ನಿನ ಕಸದಂತೆ ಕಾಣೆಯಾಗುವುದಿಲ್ಲ. ಪಕ್ಕದವನು ಅದನ್ನೇ ಎತ್ತಿಕೊಂಡು ಗೆಲ್ಲಬಹುದು. ಆದ್ದರಿಂದ ತನಗೆ ಬೇಡವಾದದ್ದು ಮಾತ್ರವಲ್ಲ, ಅವನಿಗೂ ಬೇಡವಾದದ್ದನ್ನು ಬಿಡಬೇಕು. ಸಿಕಂದರಾಬಾದಿನ ಒಂದು ಕ್ಲಬ್ಬಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಹೇಳಿದಾಗ ಕೊಟ್ಟ ಕಾರಣಗಳಲ್ಲಿ ಎರಡು ಮುಖ್ಯ: ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಜಾಣ್ಮೆ ಬೇಕು. ಮೂರೆಲೆಯ ಆಟವನ್ನು ಅದೇ ತೀರ್ಪು ಅದೃಷ್ಟದ ಕಡೆಗೆ ಸೇರಿಸಿತು. ಮೂರೆಲೆಯಲ್ಲಿ ಒಂದು ಎಲೆಯನ್ನು ಬಿಡಲಾಗದು. ಬಿಟ್ಟರೆ ಮೂರನ್ನೂ ಬಿಟ್ಟು ಏಳಬೇಕು.

ಮೊಬೈಲಿನಲ್ಲಿ ಹಣದ ರಮ್ಮಿ ಬಂದ ಮೇಲೆ ಈ ವಿಂಗಡಣೆಗೆ ಹೊಸ ಒತ್ತಡ ಬಂತು. ಸಂಬಳವನ್ನೂ ಸಾಲವನ್ನೂ ಅದಕ್ಕೆ ಸುರಿದ ಮನೆಗಳು ನಮ್ಮ ಊರುಗಳಲ್ಲೂ ಇವೆ. ಜಾಣ್ಮೆಯ ಆಟವೆಂದರೆ ಗೆಲ್ಲುವ ಆಟವೆಂದು ಅರ್ಥವಲ್ಲ. ಎದುರಿಗಿರುವವನಿಗೂ ಜಾಣ್ಮೆಯಿದೆ, ಆಡಿಸುವವನು ಪ್ರತಿ ಆಟದಿಂದಲೂ ತನ್ನ ಪಾಲು ಮುರಿದುಕೊಳ್ಳುತ್ತಾನೆ, ಆದ್ದರಿಂದ ಆಡುವವರೆಲ್ಲರ ಒಟ್ಟು ಹಣ ಆಟದಿಂದ ಆಟಕ್ಕೆ ಇಳಿಯಲೇಬೇಕು. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಕೌಶಲದ ಆಟಗಳನ್ನೂ ಸೇರಿಸಿದ್ದು ಸರಿಯಲ್ಲವೆಂದು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕೇಂದ್ರ ಕಾಯಿದೆ ಬೇರೆ ದಾರಿ ಹಿಡಿದಿದೆ: ಹಣದ ಆನ್‌ಲೈನ್ ಆಟವಾದರೆ ಸಾಕು, ಅದು ಕೌಶಲದ್ದೋ ಅದೃಷ್ಟದ್ದೋ ಎಂದು ಅದು ಕೇಳುವುದೇ ಇಲ್ಲ. ಪರದೆಯ ಮೇಲಿನ ಹಣದ ಆಟದ ಮಟ್ಟಿಗೆ, ಎಲೆ ಬಿಡುವ ಜಾಣ್ಮೆಯನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.