ಆರ್ಕೇಡ್ ಜಾಯ್‌ಸ್ಟಿಕ್: ಯಾವ ಬಿಡಿಭಾಗ ಯಾರಿಗೆ?

1990ರ ದಶಕದಲ್ಲಿ ಮುಂಬಯಿಯ ವಿಡಿಯೊ ಗೇಮ್ ಪಾರ್ಲರುಗಳಲ್ಲಿ ‘ಸ್ಟ್ರೀಟ್ ಫೈಟರ್ 2’ (1991), ‘ಕ್ಯಾಡಿಲಾಕ್ಸ್ ಆ್ಯಂಡ್ ಡೈನೊಸಾರ್ಸ್’ (1993) ಆಡಿದವರಿಗೆ ಜಾಯ್‌ಸ್ಟಿಕ್ಕಿನ ಟಕಟಕ ಸದ್ದು ಇಂದಿಗೂ ಪರಿಚಿತ. ಎರಡನೆಯ ಆಟವನ್ನು ಹುಡುಗರು ಅದರ ನಾಯಕರಲ್ಲೊಬ್ಬನ ಹೆಸರು ಹಿಡಿದು ‘ಮುಸ್ತಫಾ’ ಎಂದೇ ಕರೆಯುತ್ತಿದ್ದರು. ಅಂಥ ಕಂಟ್ರೋಲರನ್ನು ಈಗ ಮನೆಯಲ್ಲೇ ಕಟ್ಟಿಕೊಳ್ಳಬಹುದು. ಮುಂಬಯಿ ಬಳಿಯ ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಹೊರಟು ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿದರೆ, ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ವೈರು, ಟರ್ಮಿನಲ್, ಮೈಕ್ರೋಸ್ವಿಚ್ಚುಗಳನ್ನು ಹುಡುಕಬಹುದು. ಜಾಯ್‌ಸ್ಟಿಕ್ಕಿನ ಮುಖ್ಯ ಭಾಗವಾದ ಲಿವರ್ ಕೊಳ್ಳುವ ಮೊದಲು ಅದರ ಒಳಗೇನಿದೆ ಎಂಬುದು ತಿಳಿದಿರಬೇಕು.

ಒಳಗಿನ ರಚನೆ

ಲಿವರಿನ ಕಂಬಿಯ ಬುಡದಲ್ಲಿ ಆ್ಯಕ್ಚುಯೇಟರ್ ಎಂಬ ಪ್ಲಾಸ್ಟಿಕ್ ಬಿಲ್ಲೆ, ಸುತ್ತಲೂ ನಾಲ್ಕು ಮೈಕ್ರೋಸ್ವಿಚ್ಚುಗಳು ಇರುತ್ತವೆ. ಹಿಡಿಯನ್ನು ಎಡಕ್ಕೆ ವಾಲಿಸಿದಾಗ ಬುಡ ಬಲಕ್ಕೆ ಸರಿದು ಬಲಬದಿಯ ಸ್ವಿಚ್ಚನ್ನು ಒತ್ತುತ್ತದೆ. ವೈರಿಂಗ್ ಮಾಡುವಾಗ ಈ ತಿರುವು ಮುರುವನ್ನು ಮರೆಯಬಾರದು. ಕೈ ಬಿಟ್ಟಾಗ ಕಂಬಿಯನ್ನು ನಡುವಿಗೆ ತರುವುದು ಸ್ಪ್ರಿಂಗ್ ಅಥವಾ ರಬ್ಬರ್.

ಮೂರು ಪ್ರಮುಖ ಬಗೆಗಳು

ಜಪಾನಿ ಲಿವರುಗಳಲ್ಲಿ ಸಾನ್ವಾ ಕಂಪನಿಯ ಜೆಎಲ್‌ಎಫ್ ಹೆಚ್ಚು ಬಳಕೆಯಲ್ಲಿದೆ. 35 ಮಿ.ಮೀ. ಗುಂಡು ಹಿಡಿ, ಹಗುರ ಸ್ಪ್ರಿಂಗ್, ಐದು ಪಿನ್ನಿನ ಕನೆಕ್ಟರ್ ಅದರ ಲಕ್ಷಣಗಳು. ಸೈಮಿತ್ಸು ಕಂಪನಿಯ ಎಲ್‌ಎಸ್‌-32 ಅದಕ್ಕಿಂತ ಬಿಗಿ. ಗುಂಡು ಹಾರಿಸುವ ಆಟಗಳಲ್ಲಿ ಸಣ್ಣ ಸಣ್ಣ ಚಲನೆಗೆ ಹಿತ.

ಕೊರಿಯನ್ ಲಿವರುಗಳಲ್ಲಿ ಸ್ಪ್ರಿಂಗಿನ ಬದಲು ರಬ್ಬರ್ ಬುಷ್ ಇರುತ್ತದೆ. ಹಿಡಿ ಉದ್ದನೆಯದು. ಕಂಬಿ ಥಟ್ಟನೆ ನಡುವಿಗೆ ಮರಳುವುದರಿಂದ ‘ಟೆಕ್ಕನ್’ ಆಡುವವರಿಗೆ ಅಚ್ಚುಮೆಚ್ಚು. ರಬ್ಬರ್ ಸವೆದಂತೆ ಸಡಿಲವಾಗುತ್ತದೆ, ಆಗ ಅದನ್ನು ಬದಲಿಸಬೇಕು.

ಅಮೆರಿಕದ ಹ್ಯಾಪ್ ಮಾದರಿಯ ಹಿಡಿಯೂ ಉದ್ದ. ಕಂಬಿ ದೂರ ವಾಲುತ್ತದೆ, ಒತ್ತಡ ಹೆಚ್ಚು ಬೇಕು. ದಪ್ಪ ಮರದ ಹಲಗೆಗೆ ನೇರವಾಗಿ ಕೂರುತ್ತದೆ. ಜೆಎಲ್‌ಎಫ್ ಅನ್ನು 18 ಮಿ.ಮೀ. ಪ್ಲೈವುಡ್ಡಿಗೆ ಕೂರಿಸಬೇಕಾದರೆ ಹಲಗೆಯ ಅಡಿಭಾಗವನ್ನು ಕೆತ್ತಬೇಕು, ಇಲ್ಲವಾದರೆ ಹಿಡಿ ತೀರ ಗಿಡ್ಡವಾಗುತ್ತದೆ.

ಗೇಟ್: ಚಲನೆಯ ಬೇಲಿ

ಕಂಬಿ ಎಲ್ಲಿಯವರೆಗೆ ವಾಲಬೇಕೆಂದು ನಿರ್ಧರಿಸುವ ತಟ್ಟೆಯೇ ಗೇಟ್. ಚೌಕ ಗೇಟಿನ ಮೂಲೆಗಳಲ್ಲಿ ಕರ್ಣದ ದಿಕ್ಕುಗಳು ಖಚಿತವಾಗಿ ಸಿಗುತ್ತವೆ. ಎಂಟು ಮೂಲೆಯ ಗೇಟಿನಲ್ಲಿ ಎಂಟೂ ದಿಕ್ಕುಗಳು ಬೆರಳಿಗೆ ತಿಳಿಯುತ್ತವೆ. ದುಂಡು ಗೇಟಿನಲ್ಲಿ ಅಡೆತಡೆಯಿಲ್ಲದೆ ಸುತ್ತಬಹುದು. ‘ಪ್ಯಾಕ್‌ಮ್ಯಾನ್’ (1980) ಆಡಲು ನಾಲ್ಕೇ ದಿಕ್ಕು ಸಾಕು. ಜೆಎಲ್‌ಎಫ್‌ನ ಚೌಕ ಗೇಟನ್ನು 45 ಡಿಗ್ರಿ ತಿರುಗಿಸಿದರೆ ಕರ್ಣದ ದಿಕ್ಕುಗಳು ಮುಚ್ಚಿಹೋಗುತ್ತವೆ.

ಗುಂಡಿ ಮತ್ತು ಬೋರ್ಡು

ಜಪಾನಿ ಗುಂಡಿಗಳಿಗೆ ಸಾಮಾನ್ಯವಾಗಿ 30 ಮಿ.ಮೀ., ಸ್ಟಾರ್ಟ್ ಗುಂಡಿಗೆ 24 ಮಿ.ಮೀ. ರಂಧ್ರ ಬೇಕು. ಸಾನ್ವಾ ಗುಂಡಿಗಳಿಗೆ 2.8 ಮಿ.ಮೀ., ಹ್ಯಾಪ್ ಮಾದರಿಯ ಸ್ವಿಚ್ಚುಗಳಿಗೆ 4.8 ಮಿ.ಮೀ. ಅಗಲದ ಟರ್ಮಿನಲ್ ಹೊಂದುತ್ತದೆ. ಎಲ್ಲ ವೈರುಗಳೂ, ಸ್ವಿಚ್ಚುಗಳ ಸಂಕೇತವನ್ನು ಕಂಪ್ಯೂಟರಿಗೆ ತಲುಪಿಸುವ ಯುಎಸ್‌ಬಿ ಎನ್‌ಕೋಡರ್ ಬೋರ್ಡಿಗೆ ಸೇರುತ್ತವೆ.

ಮಳೆಗಾಲದ ಆರೈಕೆ

ಡೊಂಬಿವಲಿಯಂಥ ಊರಿನ ಮಳೆಗಾಲದ ತೇವಕ್ಕೆ ಲೋಹದ ತಟ್ಟೆ, ಟರ್ಮಿನಲ್ಲುಗಳು ತುಕ್ಕು ಹಿಡಿಯುತ್ತವೆ. ಒಂದು ದಿಕ್ಕು ಕೆಲಸ ಮಾಡದಿದ್ದರೆ ಮಲ್ಟಿಮೀಟರನ್ನು ಬಝರಿಗೆ ಇಟ್ಟು ಆ ಸ್ವಿಚ್ಚನ್ನು ಒತ್ತಿ ನೋಡಿ. ಸದ್ದು ಬರದಿದ್ದರೆ ಸ್ವಿಚ್ ಹೋಗಿದೆ. ಬಂದರೆ ವೈರು ಅಥವಾ ಬೋರ್ಡನ್ನು ಪರೀಕ್ಷಿಸಿ. ಜೆಎಲ್‌ಎಫ್‌ನ ಸ್ಪ್ರಿಂಗ್ ಬದಲಿಸಲು ಕಂಬಿಯ ಬುಡದ ಇ-ಕ್ಲಿಪ್ಪನ್ನು ಇಕ್ಕಳದಿಂದ ಎಳೆದರಾಯಿತು: ಆ್ಯಕ್ಚುಯೇಟರ್, ಸ್ಪ್ರಿಂಗ್ ಕಳಚಿ ಬರುತ್ತವೆ. ಕ್ಲಿಪ್ ಸಿಡಿದು ಕಳೆದುಹೋಗದಂತೆ ಬೆರಳು ಅಡ್ಡ ಹಿಡಿದಿರಬೇಕು.

ಆಯ್ಕೆ ಹೇಗೆ?

ಎಲ್ಲ ಬಗೆಯ ಆಟ ಆಡುವ ಹೊಸಬರಿಗೆ ಜೆಎಲ್‌ಎಫ್ ಮಾದರಿ ಒಳ್ಳೆಯದು. ‘ಟೆಕ್ಕನ್’ ಒಂದನ್ನೇ ಆಡುವವರಿಗೆ ಕೊರಿಯನ್ ಲಿವರ್. ಪಾರ್ಲರಿನ ಬಿಗಿ ಹಿಡಿತ ಬಯಸುವವರಿಗೆ ಹ್ಯಾಪ್. ಯಾವುದನ್ನೇ ಕೊಂಡರೂ ಅದರ ಗೇಟ್, ಸ್ಪ್ರಿಂಗ್, ಸ್ವಿಚ್ಚುಗಳು ಬಿಡಿಯಾಗಿ ಸಿಗುತ್ತವೆಯೇ ಎಂದು ಮೊದಲು ವಿಚಾರಿಸಿ. ಬಿಡಿಭಾಗ ಸಿಗದ ದುಬಾರಿ ಲಿವರಿಗಿಂತ, ಬಿಚ್ಚಿ ರಿಪೇರಿ ಮಾಡಬಹುದಾದ ಸಾಧಾರಣ ಲಿವರೇ ಲೇಸು.