ಗಣಿಗಿಳಿದ ವಿದ್ಯುತ್ತು: ಪರಿಣತರು, ಪರೀಕ್ಷೆ, ಪರವಾನಗಿ

ದಕ್ಷಿಣ ಭಾರತದ ಗಣಿಗಳಲ್ಲಿ ವಿದ್ಯುತ್ ಸುರಕ್ಷತೆಯ ಚರಿತ್ರೆಗೆ ಮುಖ್ಯ ನೆಲೆಗಳು ಎರಡು. ಒಂದು ಕೋಲಾರದ ಚಿನ್ನದ ಗಣಿ. ಇನ್ನೊಂದು ಚೆನ್ನೈನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್ ದೂರದ ನೈವೇಲಿ ಲಿಗ್ನೈಟ್ ಗಣಿ. ಎರಡರಲ್ಲೂ ಯಂತ್ರ ಯಾವುದಿರಬೇಕೆಂದು ಹೇಳಿದವರು ಸಂಬಳವೋ ಶುಲ್ಕವೋ ಪಡೆದು ಹೊರಗಿನಿಂದ ಬಂದ ಪರಿಣತರು. ಆ ಯಂತ್ರವನ್ನು ಹೇಗೆ ಪರೀಕ್ಷಿಸಬೇಕು, ಯಾರು ಒಪ್ಪಿಗೆ ಕೊಡಬೇಕು ಎಂಬ ನಿಯಮ ಮಾತ್ರ ಹಿಂದಿನಿಂದ, ನಿಧಾನವಾಗಿ ಬಂತು.

ಗಣಿಗಳ ಮೇಲೆ ಸರ್ಕಾರದ ಕಣ್ಣು ಬಿದ್ದದ್ದು ವಿದ್ಯುತ್ತಿನ ಕಾರಣಕ್ಕಲ್ಲ. 1890ರ ದಶಕದ ಮೊದಲಲ್ಲಿ ಲಂಡನ್ನಿನ ಒತ್ತಾಯಕ್ಕೆ ಮಣಿದು ಭಾರತ ಸರ್ಕಾರ ಜೇಮ್ಸ್ ಗ್ರಂಡಿ ಎಂಬುವರನ್ನು ಗಣಿ ಇನ್‌ಸ್ಪೆಕ್ಟರ್ ಆಗಿ ನೇಮಿಸಿತು. ತಪಾಸಣೆ ಮಾಡಲು ಬಂದ ಮೊದಲನೆಯವರೂ ಹೊರಗಿನಿಂದ ಕರೆಸಿಕೊಂಡ ತಜ್ಞರೇ. ಗಣಿ ಮಾಲೀಕರ ವಿರೋಧದ ನಡುವೆ ಕಾನೂನಿನ ಕರಡು ವರ್ಷಗಟ್ಟಲೆ ಎಳೆದಾಡಿತು. 1897ರಲ್ಲಿ ಕೋಲಾರದ ಚಿನ್ನದ ಗಣಿಯ ಶಾಫ್ಟೊಂದರ ದುರಂತದಲ್ಲಿ 52 ಮಂದಿ, ಅದೇ ವರ್ಷ ಬಲೂಚಿಸ್ತಾನದ ಖೋಸ್ಟ್ ಕಲ್ಲಿದ್ದಲು ಗಣಿಯಲ್ಲಿ 47 ಮಂದಿ ಸತ್ತ ಮೇಲೆ ಕೆಲಸ ಚುರುಕಾಯಿತು. 1901ರ ಮಾರ್ಚಿನಲ್ಲಿ ಭಾರತೀಯ ಗಣಿ ಕಾಯ್ದೆ ಅಂಗೀಕಾರವಾಯಿತು. 1902ರ ಜನವರಿಯಲ್ಲಿ ಕಲ್ಕತ್ತದಲ್ಲಿ ಗಣಿ ತಪಾಸಣೆಯ ಕಚೇರಿ ತೆರೆಯಿತು. 1908ರಲ್ಲಿ ಅದು ಧನ್‌ಬಾದ್‌ಗೆ ಹೋಗಿ ಅಲ್ಲೇ ನೆಲೆಯೂರಿತು.

ಕಾಯ್ದೆಯನ್ನು ಅವಸರಪಡಿಸಿದ ಎರಡು ದುರಂತಗಳಲ್ಲಿ ಒಂದು ನಡೆದದ್ದು ಮೈಸೂರು ಸಂಸ್ಥಾನದ ನೆಲದಲ್ಲಿ. ಆದರೆ ಬ್ರಿಟಿಷ್ ಭಾರತದ ಕಾಯ್ದೆ ಆ ನೆಲಕ್ಕೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಮೈಸೂರು ತನ್ನದೇ ಗಣಿ ಕಾನೂನು, ತನ್ನದೇ ತಪಾಸಣೆ ಇಟ್ಟುಕೊಂಡಿತ್ತು. 1894ರಲ್ಲಿ ಹುಟ್ಟಿದ ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫೂಟ್. ಅವರ ನಂತರ ಡಬ್ಲ್ಯೂ.ಎಫ್. ಸ್ಮೀತ್ ಬಂದರು. ಅದಿರು ಎಲ್ಲಿದೆ ಎಂದು ಹುಡುಕುವ ಕೆಲಸವೂ ಗಣಿ ಸುರಕ್ಷಿತವಾಗಿದೆಯೇ ಎಂದು ನೋಡುವ ಕೆಲಸವೂ ಒಂದೇ ಇಲಾಖೆಯ ಪಾಲಿಗೆ ಬಂದವು. ಇಂದಿನ ಕಣ್ಣಿಗೆ ಇದು ಒಗ್ಗದ ಜೋಡಿ. ಸಂಸ್ಥಾನಕ್ಕೆ ಆಗ ಬೇರೆ ದಾರಿ ಇದ್ದಂತೆಯೂ ಕಾಣುವುದಿಲ್ಲ.

ಮದರಾಸಿನಲ್ಲಿ 1895ರಲ್ಲೇ ವಿದ್ಯುತ್ ಟ್ರಾಮ್ ಓಡಿತ್ತು. ಕೋಲಾರದ ಗಣಿಗಳು ಮಾತ್ರ ಇನ್ನೂ ಉಗಿಯನ್ನೇ ನಂಬಿದ್ದವು. ದೂರದಿಂದ ರೈಲಿನಲ್ಲಿ ಬರುವ ಕಲ್ಲಿದ್ದಲು ದುಬಾರಿ, ಸುತ್ತಲ ಕಾಡಿನ ಸೌದೆ ಮುಗಿಯುತ್ತಿತ್ತು. ಶಿವನಸಮುದ್ರದಲ್ಲಿ ಧುಮ್ಮಿಕ್ಕುವ ಕಾವೇರಿಯಿಂದ ವಿದ್ಯುತ್ ತೆಗೆದು ಗಣಿಗೆ ಕಳಿಸುವ ಯೋಜನೆಗೆ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಬೆಂಬಲ ಕೊಟ್ಟರು. ಅದನ್ನು ಕೈಗೆತ್ತಿಕೊಂಡವರು ಸಂಸ್ಥಾನದ ಡೆಪ್ಯುಟಿ ಚೀಫ್ ಎಂಜಿನಿಯರ್, ರಾಯಲ್ ಎಂಜಿನಿಯರ್ಸ್ ಪಡೆಯ ಅಧಿಕಾರಿ ಅಲೇನ್ ಜೋಲಿ ಡಿ ಲಾಟ್‌ಬಿನಿಯೇರ್. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮುಖ್ಯಸ್ಥರಾಗಿದ್ದವರ ಮಗ. ಸಂಸ್ಥಾನ ಅವರನ್ನು ಯೂರೋಪ್ ಮತ್ತು ಅಮೆರಿಕಕ್ಕೆ ಕಳಿಸಿ ಅಲ್ಲಿನ ಜಲವಿದ್ಯುತ್ ಕೇಂದ್ರಗಳನ್ನು ನೋಡಿಕೊಂಡು ಬರಲು ಹೇಳಿತು. ಕೊನೆಗೆ ವಿದ್ಯುತ್ ಯಂತ್ರಗಳ ಗುತ್ತಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಗೂ, ನೀರಿನ ಟರ್ಬೈನುಗಳದ್ದು ಜ್ಯೂರಿಕ್‌ನ ಎಷರ್ ವಿಸ್‌ಗೂ ಹೋಯಿತು. ಯಂತ್ರದ ಭಾಗಗಳು ರೈಲಿನಲ್ಲಿ ಮದ್ದೂರಿಗೆ ಬಂದು, ಅಲ್ಲಿಂದ ಆನೆ, ಎತ್ತಿನ ಗಾಡಿಗಳ ಮೇಲೆ ಶಿವನಸಮುದ್ರ ಸೇರಿದವು.

1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ಉದ್ದದ ತಂತಿಯಲ್ಲಿ 35,000 ವೋಲ್ಟ್ ವಿದ್ಯುತ್ ಗಣಿಗೆ ಹರಿಯಿತು. ಆ ಕಾಲಕ್ಕೆ ಜಗತ್ತಿನಲ್ಲೇ ಇಷ್ಟು ಉದ್ದದ ಹೈಟೆನ್ಷನ್ ಮಾರ್ಗಗಳು ಬೆರಳೆಣಿಕೆಯಷ್ಟು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಜನರಲ್ ಎಲೆಕ್ಟ್ರಿಕ್ ಪರವಾಗಿ ಬಂದ ಎಂಜಿನಿಯರ್ ಹ್ಯಾರಿ ಗಿಬ್ಸ್ ಮೈಸೂರಿನ ವಿದ್ಯುತ್ ಇಲಾಖೆಯನ್ನೇ ನಡೆಸಿ, ಮುಂದೆ ಟಾಟಾದವರ ಜಲವಿದ್ಯುತ್ ಕಂಪನಿಗೆ ಹೋದರು. ಯಂತ್ರ ಮಾರಲು ಬಂದವರು, ಅದನ್ನು ಕೊಂಡವರ ಕಡೆಯಿಂದ ಕೂತು ಅದನ್ನು ನಡೆಸುವುದು ಆಗ ಯಾರಿಗೂ ವಿಚಿತ್ರವಾಗಿ ಕಂಡಿರಲಿಲ್ಲ. ಗಣಿಗಳನ್ನು ನಡೆಸುತ್ತಿದ್ದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೂಡ ಮೂಲತಃ ಗಣಿ ಎಂಜಿನಿಯರುಗಳ ಸಂಸ್ಥೆಯೇ.

ಆಗ ಆರಿಸಿಕೊಂಡದ್ದು ಸೆಕೆಂಡಿಗೆ 25 ಆವರ್ತದ ವಿದ್ಯುತ್ತು. ಉದ್ದದ ಮಾರ್ಗಕ್ಕೂ ದೊಡ್ಡ ಮೋಟಾರುಗಳಿಗೂ ಅದು ಆ ದಿನಗಳ ಒಳ್ಳೆಯ ಆಯ್ಕೆಯೇ. ದೇಶವೆಲ್ಲ 50 ಆವರ್ತಕ್ಕೆ ಹೊರಳಿದಾಗಲೂ ಗಣಿ ದಶಕಗಟ್ಟಲೆ ಹಳೆಯದಕ್ಕೇ ಅಂಟಿಕೊಂಡಿತು. 25 ಆವರ್ತಕ್ಕೆ ಕಟ್ಟಿದ ಮೋಟಾರು, ಟ್ರಾನ್ಸ್‌ಫಾರ್ಮರು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಸುಟ್ಟರೆ ಗಣಿಯ ವರ್ಕ್‌ಷಾಪಿನಲ್ಲೇ ಮತ್ತೆ ಸುತ್ತಿಸಬೇಕು. ಒಬ್ಬ ಪರಿಣತನ ಒಂದು ತೀರ್ಮಾನ ಎರಡು ಮೂರು ತಲೆಮಾರಿನ ಫೋರ್‌ಮನ್‌ಗಳ ದಿನಚರಿಯನ್ನು ಬರೆದಿಟ್ಟಿತು.

ಮೊದಲ ವರ್ಷಗಳಲ್ಲಿ ವಿದ್ಯುತ್ತಿನ ಬಹುಪಾಲು ಕೆಲಸ ನೆಲದ ಮೇಲೆಯೇ: ಅದಿರು ಕುಟ್ಟುವ ಸ್ಟ್ಯಾಂಪ್ ಮಿಲ್ಲು, ಗಾಳಿ ಒತ್ತುವ ಕಂಪ್ರೆಸರು. ಕೆಳಗೆ ಬಂಡೆ ಕೊರೆಯುವ ಡ್ರಿಲ್ಲುಗಳು ಒತ್ತಿದ ಗಾಳಿಯಿಂದ ನಡೆಯುತ್ತಿದ್ದವು. ಚಿನ್ನದ ಗಣಿಯ ಅಪಾಯಗಳೂ ಬೇರೆ: ಆಳ, ಬಿಸಿ, ಬಂಡೆ ಸಿಡಿತ, ಶಾಫ್ಟಿನಲ್ಲಿ ಇಳಿಬಿಟ್ಟ ಕೇಬಲ್ಲಿಗೆ ತಾಗುವ ನೀರು. ಕಲ್ಲಿದ್ದಲು ಗಣಿಯ ಮೀಥೇನ್ ಭಯ ಇಲ್ಲಿ ದೊಡ್ಡದಲ್ಲ. ಹಾಗಾಗಿ ‘ಫ್ಲೇಮ್‌ಪ್ರೂಫ್’ ಎಂಬ ಮಾತಿನ ಹಿಂದಿನ ವಿದ್ಯೆ ಬೆಳೆದದ್ದು ಬೇರೆಡೆ.

ಜರ್ಮನಿಯ ಗೆಲ್ಸೆನ್‌ಕಿರ್ಷೆನ್‌ನಲ್ಲಿ ಕಾರ್ಲ್ ಬೈಲಿಂಗ್ 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ನಡೆಸಿದ ಪ್ರಯೋಗಗಳೇ ಅದಕ್ಕೆ ಅಡಿಪಾಯ. ಗಾಳಿಯಲ್ಲಿ ಮೀಥೇನ್ ಸುಮಾರು ಶೇ. 5ರಿಂದ 15ರಷ್ಟಿದ್ದರೆ ಕಿಡಿಗೆ ಸಿಡಿಯುತ್ತದೆ. ಸ್ವಿಚ್ಚಿನೊಳಗೆ ಕಿಡಿ ತಪ್ಪಿದ್ದಲ್ಲ. ಪೆಟ್ಟಿಗೆಯನ್ನು ಗಾಳಿ ಹೋಗದಂತೆ ಮುಚ್ಚಲು ಯತ್ನಿಸಿದರೆ ಒಂದಲ್ಲ ಒಂದು ದಿನ ಅನಿಲ ನುಸುಳಿಯೇ ನುಸುಳುತ್ತದೆ. ಬೈಲಿಂಗ್ ಅದನ್ನು ಒಪ್ಪಿಕೊಂಡು ಬೇರೆ ದಾರಿ ಹಿಡಿದರು. ಸ್ಫೋಟ ಒಳಗೇ ಆಗಲಿ, ಗೋಡೆ ಅದನ್ನು ತಾಳಲಿ. ಮುಚ್ಚಳದ ಅಗಲವಾದ ನುಣುಪು ಅಂಚುಗಳ ನಡುವಿನ ಕಿರು ಸಂದಿನಲ್ಲಿ ಹೊರಬರುವಷ್ಟರಲ್ಲಿ ಉರಿ ತಣ್ಣಗಾಗಲಿ. ಗಣಿಯ ಉಪಕರಣಗಳಲ್ಲಿ 25 ಮಿಲಿಮೀಟರ್ ಅಗಲದ ಅಂಚಿಗೆ ಸಂದು ಸುಮಾರು ಅರ್ಧ ಮಿಲಿಮೀಟರ್ ಮೀರಬಾರದೆಂಬ ಲೆಕ್ಕ ಬಂದದ್ದು ಹೀಗೆ. ಫೀಲರ್ ಗೇಜಿನ ತೆಳು ಪಟ್ಟಿ ತೂರಿಸಿ ಎಲೆಕ್ಟ್ರಿಷಿಯನ್ ಇಂದಿಗೂ ಅದನ್ನು ಅಳೆಯುತ್ತಾನೆ. ಒಂದು ಬೋಲ್ಟ್ ಕಳಚಿದ್ದರೆ, ಅಂಚಿನ ಮೇಲೆ ತುಕ್ಕು ಹಿಡಿದಿದ್ದರೆ, ಆ ಪೆಟ್ಟಿಗೆ ಮತ್ತೆ ಬರೀ ಕಬ್ಬಿಣದ ಡಬ್ಬಿ.

1913ರಲ್ಲಿ ವೇಲ್ಸ್‌ನ ಸೆಂಗೆನಿಡ್ ಗಣಿಯಲ್ಲಿ 439 ಕಾರ್ಮಿಕರು ಸತ್ತಾಗ ಸಂಕೇತ ಕೊಡುವ ವಿದ್ಯುತ್ ಗಂಟೆಯ ಕಿಡಿಯ ಮೇಲೆ ಅನುಮಾನ ಬಿತ್ತು. ಬ್ಯಾಟರಿಯ ಅಲ್ಪ ಕಿಡಿಯೂ ಅನಿಲವನ್ನು ಹೊತ್ತಿಸಬಲ್ಲದೇ ಎಂದು ಸಂಶೋಧಕರಾದ ವೀಲರ್ ಮತ್ತು ಥಾರ್ನ್‌ಟನ್ ಪರೀಕ್ಷಿಸಿದರು. ಶಕ್ತಿಯನ್ನೇ ಮಿತಿಗೊಳಿಸಿ ಕಿಡಿಯನ್ನು ನಿರುಪದ್ರವಿ ಮಾಡುವ ಎರಡನೆಯ ವಿಧಾನ ಅಲ್ಲಿಂದ ಹುಟ್ಟಿತು. ಬ್ರಿಟನ್ನಿನಲ್ಲಿ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಪದ್ಧತಿ ಬೆಳೆದು, ಬಕ್ಸ್‌ಟನ್ ಊರಿನ ಸರ್ಟಿಫಿಕೇಟು ಗಣಿ ಲೋಕದಲ್ಲಿ ರುಜುವಾತೇ ಆಯಿತು.

ಸ್ವಾತಂತ್ರ್ಯದ ನಂತರ ಗಣಿ ಸುರಕ್ಷತೆ ಕೇಂದ್ರದ ವಿಷಯವಾಯಿತು. 1952ರ ಗಣಿ ಕಾಯ್ದೆ ಹಳೆಯ ಸಂಸ್ಥಾನಗಳ ನೆಲಕ್ಕೂ ಒಂದೇ ಆಯಿತು. ಧನ್‌ಬಾದಿನ ಇಲಾಖೆಯ ಪ್ರಾದೇಶಿಕ ಕಚೇರಿಯೊಂದು ಚಿನ್ನದ ಗಣಿಯ ಉರಿಗಾಂನಲ್ಲೇ ಇತ್ತು. 1956 ಈ ಚರಿತ್ರೆಯಲ್ಲಿ ತುಂಬಿದ ವರ್ಷ. ಭಾರತೀಯ ವಿದ್ಯುತ್ ನಿಯಮಗಳು ಹೊಸದಾಗಿ ಬಂದು, ಅದರ 10ನೆಯ ಅಧ್ಯಾಯ ಇಡಿಯಾಗಿ ಗಣಿ ಮತ್ತು ತೈಲ ಕ್ಷೇತ್ರಗಳಿಗೆ ಮೀಸಲಾಯಿತು. ಕೈಯಲ್ಲಿ ಹಿಡಿದು ಬಳಸುವ ಉಪಕರಣಕ್ಕೆ 125 ವೋಲ್ಟ್ ಮೀರಬಾರದು ಎಂಬಂಥ ಕಟ್ಟುಪಾಡುಗಳು ಅದರಲ್ಲಿದ್ದವು. ಧನ್‌ಬಾದಿನಲ್ಲಿ ಕೇಂದ್ರ ಗಣಿ ಸಂಶೋಧನಾ ಕೇಂದ್ರ ಶುರುವಾಯಿತು. ಮೈಸೂರು ಸರ್ಕಾರ ಚಿನ್ನದ ಗಣಿಗಳನ್ನು ವಶಕ್ಕೆ ಪಡೆಯಿತು. ನವೆಂಬರಿನಲ್ಲಿ ನೈವೇಲಿ ಲಿಗ್ನೈಟ್ ಕಾರ್ಪೊರೇಷನ್ ಹುಟ್ಟಿತು.

ನೈವೇಲಿಯ ಕಥೆ ನೀರಿನಿಂದ ಆರಂಭ. 1930ರ ದಶಕದಲ್ಲಿ ಜಂಬುಲಿಂಗ ಮುದಲಿಯಾರ್ ಎಂಬ ಜಮೀನುದಾರರು ಬಾವಿ ಕೊರೆಸಿದಾಗ ನೀರಿನೊಂದಿಗೆ ಕಪ್ಪು ವಸ್ತು ಮೇಲೆ ಬಂತು. ಲಿಗ್ನೈಟ್ ಇದೆಯೆಂದು ಗೊತ್ತಾದ ಮೇಲೂ ತೆಗೆಯುವುದು ಹೇಗೆಂಬ ಪ್ರಶ್ನೆ ಉಳಿಯಿತು. ಪದರದ ಕೆಳಗೆ ಒತ್ತಡದಲ್ಲಿರುವ ಅಂತರ್ಜಲ. ಪ್ರತಿ ಚದರ ಸೆಂಟಿಮೀಟರಿಗೆ 6ರಿಂದ 8 ಕಿಲೋದಷ್ಟು ಮೇಲ್ಮುಖ ಒತ್ತು. ಮೇಲಿನ ಮಣ್ಣು ತೆಗೆದ ಕೂಡಲೇ ಗಣಿಯ ತಳವೇ ಒಡೆದು ನುಗ್ಗೀತು. ಅಮೆರಿಕದ ಗಣಿ ತಜ್ಞ ಪಾಲ್ ಐರಿಚ್ ಮಾರ್ಗದರ್ಶನದಲ್ಲಿ ಸುತ್ತ ಕೊಳವೆ ಬಾವಿ ತೋಡಿ ಪಂಪ್ ಹಚ್ಚಿ ನೀರಿನ ಒತ್ತಡ ಇಳಿಸಬಹುದೆಂದು ಪ್ರಯೋಗಗಳು ತೋರಿಸಿದವು. ಅನಂತರ ಕೊಲಂಬೊ ಯೋಜನೆಯಡಿ ಲಂಡನ್ನಿನ ಪೊವೆಲ್ ಡಫ್ರಿನ್ ಟೆಕ್ನಿಕಲ್ ಸರ್ವಿಸಸ್ ಯೋಜನಾ ವರದಿ ಸಿದ್ಧಪಡಿಸಿತು. ಪೊವೆಲ್ ಡಫ್ರಿನ್ ವೇಲ್ಸ್‌ನ ಹಳೆಯ ಕಲ್ಲಿದ್ದಲು ಕಂಪನಿ. 1947ರಲ್ಲಿ ಬ್ರಿಟನ್ ಗಣಿಗಳನ್ನು ರಾಷ್ಟ್ರೀಕರಿಸಿದ ಮೇಲೆ ಅದಕ್ಕೆ ಉಳಿದ ಬಂಡವಾಳಗಳಲ್ಲಿ ಒಂದು ಗಣಿಯ ತಿಳಿವಳಿಕೆ. ಅದು ಈಗ ಪರದೇಶದಲ್ಲಿ ಸಲಹೆಯಾಗಿ ಮಾರಾಟವಾಯಿತು.

1957ರ ಮೇ ತಿಂಗಳಲ್ಲಿ ನೆಹರು ಗಣಿ ಕೆಲಸಕ್ಕೆ ಚಾಲನೆ ಕೊಟ್ಟರು. 1961ರಲ್ಲಿ ಲಿಗ್ನೈಟ್ ಕಣ್ಣಿಗೆ ಬಿತ್ತು. ಜರ್ಮನಿಯ ಚಕ್ರದ ಬಕೆಟ್ ಯಂತ್ರಗಳು ಅಗೆದವು, ಸೋವಿಯತ್ ನೆರವಿನ ವಿದ್ಯುತ್ ಸ್ಥಾವರ ಅದನ್ನು ಸುಟ್ಟಿತು. ಜರ್ಮನಿಯ ಮೃದು ಮಣ್ಣಿಗೆ ಹೊಂದಿದ ಬಕೆಟ್ ಹಲ್ಲುಗಳು ಕಡಲೂರಿನ ಗಡುಸು ಮರಳುಗಲ್ಲಿನಲ್ಲಿ ಬೇಗ ಸವೆದವು. ಕಲ್ಲನ್ನು ಮೊದಲು ಸಿಡಿಮದ್ದಿನಿಂದ ಸಡಿಲಿಸುವ ಕ್ರಮ ಬಂತು. ವಿದ್ಯುತ್ ಸುರಕ್ಷತೆಯ ಅರ್ಥವೂ ಇಲ್ಲಿ ಬದಲಾಯಿತು. ತೆರೆದ ಗಣಿಯಲ್ಲಿ ಮೀಥೇನ್ ನಿಲ್ಲುವುದಿಲ್ಲ. ಆದರೆ ಹೈಟೆನ್ಷನ್ ಕೇಬಲ್ ಎಳೆದುಕೊಂಡು ಚಲಿಸುವ ದೈತ್ಯ ಯಂತ್ರದ ಮೈಗೆ ಅರ್ತ್ ತಪ್ಪಿದರೆ ಅದನ್ನು ಮುಟ್ಟಿದವನ ಪ್ರಾಣಕ್ಕೇ ಅಪಾಯ. ಪಂಪುಗಳಿಗೆ ಕರೆಂಟು ಹೋಗಿ ದೀರ್ಘಕಾಲ ಬಾರದಿದ್ದರೆ ಗಣಿಯೇ ಅಪಾಯಕ್ಕೆ ಸಿಲುಕುತ್ತದೆ. ಕರೆಂಟು ಇರುವುದೂ ಒಂದು ಅಪಾಯ, ಇಲ್ಲದಿರುವುದೂ ಒಂದು ಅಪಾಯ.

ಒಪ್ಪಿಗೆಯ ಕ್ರಮ ಈ ದಶಕಗಳಲ್ಲಿ ಒಂದು ರೂಪಕ್ಕೆ ಬಂತು. ತಯಾರಕ ತನ್ನ ಉಪಕರಣವನ್ನು ಮಾನ್ಯ ಪ್ರಯೋಗಾಲಯಕ್ಕೆ ಒಯ್ಯಬೇಕು. ಅಲ್ಲಿ ಪೆಟ್ಟಿಗೆಯ ಒಳಗೂ ಹೊರಗೂ ಅನಿಲದ ಮಿಶ್ರಣ ತುಂಬಿ ಒಳಗೆ ಕಿಡಿ ಹೊತ್ತಿಸುತ್ತಾರೆ. ಹೊರಗಿನದು ಹೊತ್ತದಿದ್ದರೆ ಪಾಸು. ಆ ವರದಿ, ನಕ್ಷೆಗಳೊಂದಿಗೆ ಅರ್ಜಿ ಗಣಿ ಸುರಕ್ಷತಾ ಮಹಾನಿರ್ದೇಶನಾಲಯಕ್ಕೆ ಹೋಗುತ್ತದೆ. ಧನ್‌ಬಾದಿನ ಇಲಾಖೆಗೆ ಈ ಹೆಸರು ಬಂದದ್ದು 1967ರಲ್ಲಿ. ಮೊದಲು ಗಣಿಯಲ್ಲಿ ಫೀಲ್ಡ್ ಟ್ರಯಲ್‌ಗೆ ಅನುಮತಿ, ಅದು ಸರಿಹೋದರೆ ನಿಗದಿತ ಅವಧಿಯ ಒಪ್ಪಿಗೆ. ನಿರ್ದೇಶನಾಲಯದ ಪ್ರಾದೇಶಿಕ ಕಚೇರಿಯೊಂದು ಚೆನ್ನೈನಲ್ಲಿದೆ.

ಪರಿಣತರಿಗೆ ಮತ್ತೆ ಕೆಲಸ ಕೊಟ್ಟದ್ದು ಮಾನದಂಡಗಳ ಬದಲಾವಣೆ. ಬ್ರಿಟಿಷ್ ಜಾಡಿನಲ್ಲಿ ಬೆಳೆದ, ಫ್ಲೇಮ್‌ಪ್ರೂಫ್ ಪೆಟ್ಟಿಗೆಗಳ ಭಾರತೀಯ ಮಾನಕ ಐಎಸ್ 2148, 2004ರ ಆವೃತ್ತಿಯಲ್ಲಿ ಅಂತರರಾಷ್ಟ್ರೀಯ 60079 ಸರಣಿಗೆ ಹೊಂದಿಕೊಂಡಿತು. ಆ ಸರಣಿಯಲ್ಲಿ ಗಣಿಯ ಉಪಕರಣ ಗ್ರೂಪ್ 1, ನೆಲದ ಮೇಲಿನ ಕಾರ್ಖಾನೆಗಳದ್ದು ಬೇರೆ ಗ್ರೂಪ್. ಹಳೆಯ ಮಾನಕದ ಮೇಲೆ ಒಪ್ಪಿಗೆ ಪಡೆದ ಉಪಕರಣವನ್ನು ಹೊಸದರ ಕಣ್ಣಿನಿಂದ ಮತ್ತೆ ನೋಡಬೇಕಾಯಿತು: ಯಾವ ಷರತ್ತು ಹಾಗೇ ಇದೆ, ಯಾವುದಕ್ಕೆ ಹೊಸ ಪರೀಕ್ಷೆ ಬೇಕು, ಯಾವ ನಕ್ಷೆ ತಿದ್ದಬೇಕು. ಎರಡೂ ಪಠ್ಯಗಳನ್ನು ಪಕ್ಕಪಕ್ಕ ಇಟ್ಟು ಓದುವ ಈ ಸೂಕ್ಷ್ಮ ಕೆಲಸಕ್ಕೆ ಲಾಟ್‌ಬಿನಿಯೇರರಂತೆ ಖಂಡ ಸುತ್ತುವ ಅಗತ್ಯವಿಲ್ಲ. ಆದರೆ ಪ್ರಯೋಗಾಲಯವನ್ನೂ ಗಣಿಯನ್ನೂ ಬಲ್ಲವರು ಬೇಕು, ಅಂಥವರು ಎಲ್ಲ ಕಾಲದಲ್ಲೂ ಕಡಿಮೆ.

ವಿದ್ಯುತ್ ಕಾನೂನೂ ಸುಮ್ಮನಿರಲಿಲ್ಲ. 2003ರ ವಿದ್ಯುತ್ ಕಾಯ್ದೆ 1910ರ ಕಾಯ್ದೆಯ ಜಾಗಕ್ಕೆ ಬಂತು. 1956ರ ನಿಯಮಗಳ ಬದಲು ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಸುರಕ್ಷತಾ ನಿಬಂಧನೆಗಳನ್ನು ತಂದಿತು, 2023ರಲ್ಲಿ ಅವನ್ನೂ ಬದಲಿಸಿತು. ಗಣಿ ಮತ್ತು ತೈಲ ಕ್ಷೇತ್ರಗಳ ಭಾಗ ಹಳೆಯ 10ನೆಯ ಅಧ್ಯಾಯದ ಬೆನ್ನೆಲುಬನ್ನೇ ಉಳಿಸಿಕೊಂಡಿದೆ.

ಕೋಲಾರದ ಗಣಿಗಳು ಈ ಬದಲಾವಣೆಗಳಿಗೆ ಕಾಯಲಿಲ್ಲ. 3 ಕಿಲೋಮೀಟರ್ ಮೀರಿದ ಆಳ ಮುಟ್ಟಿ 2001ರ ಫೆಬ್ರವರಿ 28ರಂದು ಮುಚ್ಚಿದವು. ನೈವೇಲಿಯಲ್ಲಿ ಪಂಪುಗಳು ನಡೆಯುತ್ತಲೇ ಇವೆ. 1952ರ ಕಾಯ್ದೆ ಹೊಣೆ ಹೊರಿಸಿದ್ದು ಗಣಿಯ ಮಾಲೀಕ, ಏಜೆಂಟ್ ಮತ್ತು ಮ್ಯಾನೇಜರ್ ಮೇಲೆ. ನಿಗದಿತ ಅರ್ಹತೆಯ ಎಲೆಕ್ಟ್ರಿಕಲ್ ಸೂಪರ್‌ವೈಸರನ್ನು ಇಟ್ಟುಕೊಳ್ಳಬೇಕೆಂದದ್ದು ವಿದ್ಯುತ್ ನಿಯಮ. ವರದಿ ಬರೆದುಕೊಟ್ಟು ಶುಲ್ಕ ಪಡೆದು ಹೋದ ಪರಿಣತನ ಹೆಸರು ಆ ಸಾಲಿನಲ್ಲಿ ಬರಲಿಲ್ಲ.